ಮೊದಲ ವಾರವೇ ಪಾಠ ಶುರು ಮಾಡಬೇಕಾ?

ಓದುಗರ ಪ್ರಶ್ನೆ: ನಾನು ಒಂದನೇ ತರಗತಿಯ ಟೀಚರ್. ರಜೆ ಮುಗಿಸಿ ಮಕ್ಕಳು ವಾಪಸ್ ಬರುತ್ತಿದ್ದಾರೆ. ಮೊದಲ ಒಂದೆರಡು ವಾರ ಆಟ, ಹಾಡು, ಪರಿಚಯ ಅಂತ ಕಳೆದರೆ ಪಾಠ ಹಿಂದೆ ಬೀಳುತ್ತದೆ ಅನ್ನುವ ಚಿಂತೆ. ಮೊದಲ ದಿನವೇ ಪಾಠಕ್ಕೆ ಇಳಿದರೆ ಮಕ್ಕಳು ಹೆದರಿಕೊಳ್ಳುತ್ತಾರೆ ಅನ್ನುವ ಅಳುಕು. ಯಾವುದು ಸರಿ?

ಉತ್ತರ: ಮೊದಲ ದಿನವೇ ಒಂದು ಪುಟ್ಟ ಪಾಠ ಇರಲಿ. ಆದರೆ ಮೊದಲ ಎರಡು ಮೂರು ವಾರ ನಿಮ್ಮ ಹೆಚ್ಚಿನ ಸಮಯ ಹೋಗಬೇಕಾದ್ದು ಬೇರೊಂದು ಕೆಲಸಕ್ಕೆ. ತರಗತಿಯಲ್ಲಿ ಇರುವುದು ಹೇಗೆ ಅನ್ನುವುದನ್ನು ಮಕ್ಕಳಿಗೆ ಕಲಿಸುವುದಕ್ಕೆ. ಇದನ್ನು ಪಾಠ ಬಿಟ್ಟು ಕಳೆದ ಸಮಯ ಅಂತ ಲೆಕ್ಕ ಹಾಕಬೇಡಿ. ಇದೂ ಪಾಠವೇ, ಅದರಲ್ಲೂ ಮೊದಲು ಆಗಬೇಕಾದ ಪಾಠ.

ಇದರ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಇದೆ. ಎಡ್ಮಂಡ್ ಎಮ್ಮರ್, ಕ್ಯಾರೊಲಿನ್ ಎವರ್ಟ್ಸನ್ ಮತ್ತು ಲಿಂಡಾ ಆಂಡರ್ಸನ್ ಅಮೆರಿಕದಲ್ಲಿ ಮೂರನೇ ತರಗತಿಯ 27 ಟೀಚರ್‌ಗಳನ್ನು ಶಾಲೆ ಶುರುವಾದಾಗಿನಿಂದ ಗಮನಿಸುತ್ತಾ ಹೋಗಿ, 1980ರಲ್ಲಿ ಅದನ್ನು ಪ್ರಕಟಿಸಿದರು. ಯಾರ ತರಗತಿ ವರ್ಷಪೂರ್ತಿ ಸುಸೂತ್ರವಾಗಿ ನಡೆಯಿತು, ಯಾರದ್ದು ನಡೆಯಲಿಲ್ಲ ಅಂತ ನೋಡಿದರು. ನಿಯಮಗಳು ಎರಡೂ ಕಡೆ ಇದ್ದವು. ವ್ಯತ್ಯಾಸ ಇದ್ದದ್ದು ಅವನ್ನು ಕಲಿಸಿದ ರೀತಿಯಲ್ಲಿ. ಚೆನ್ನಾಗಿ ನಡೆಸಿದವರು ಶುರುವಿನ ದಿನಗಳಲ್ಲಿ ನಿಯಮ ಹೇಳಿ ಸುಮ್ಮನಾಗಲಿಲ್ಲ. ಮಾಡಿ ತೋರಿಸಿದರು, ಮಕ್ಕಳ ಕೈಯಲ್ಲಿ ಮಾಡಿಸಿದರು, ತಪ್ಪಿದಾಗ ಮತ್ತೆ ನೆನಪಿಸಿದರು. ಮಕ್ಕಳ ಮೇಲಿನ ಕಣ್ಣು ತೆಗೆಯಲಿಲ್ಲ.

ಮಾಡಿಸುವುದು ಅಂದರೇನು? ಒಂದು ಸಣ್ಣ ಸಂಗತಿ ತೆಗೆದುಕೊಳ್ಳೋಣ. "ನೋಟ್‌ಬುಕ್ ತೆಗೀರಿ." ನಮಗೆ ಇದು ಒಂದೇ ಮಾತು. ಆರು ವರ್ಷದ ಮಗುವಿಗೆ ಇದರಲ್ಲಿ ಆರೇಳು ಕೆಲಸ ಇದೆ. ಬ್ಯಾಗ್ ಎತ್ತಬೇಕು, ಯಾವ ಜಿಪ್ ಅಂತ ನೋಡಬೇಕು, ಒಂದೇ ತರಹ ಕಾಣುವ ಮೂರು ಪುಸ್ತಕಗಳಲ್ಲಿ ಸರಿಯಾದದ್ದನ್ನು ಹುಡುಕಬೇಕು, ಅದನ್ನು ಮೇಲಿಟ್ಟು ಪೆನ್ಸಿಲ್ ತೆಗೆಯಬೇಕು, ಜಿಪ್ ಹಾಕಿ ಬ್ಯಾಗ್ ಕೆಳಗಿಡಬೇಕು. ಇಷ್ಟರಲ್ಲಿ ಪಕ್ಕದವನ ಬಾಟಲಿ ಉರುಳಿರುತ್ತದೆ. ಹಿಂದಿನ ಬೆಂಚಿನವಳು "ಮಿಸ್, ನನ್ನ ಪೆನ್ಸಿಲ್ ಸಿಗ್ತಿಲ್ಲ" ಅಂತ ಎದ್ದು ಬಂದಿರುತ್ತಾಳೆ. ಐದು ನಿಮಿಷ ಹೋಯಿತು.

ಹಾಗಾಗಿ ಮೊದಲ ದಿನ ನೀವೇ ಒಂದು ಬ್ಯಾಗ್ ತೆಗೆದುಕೊಂಡು ಮಕ್ಕಳ ಮುಂದೆ ಕೂತುಕೊಳ್ಳಿ. ಮಾತಾಡದೆ, ನಿಧಾನವಾಗಿ, ಒಂದೊಂದೇ ಹೆಜ್ಜೆ ಮಾಡಿ ತೋರಿಸಿ. ಬಾಯಿ ಮುಚ್ಚಿಕೊಂಡು ತೋರಿಸಿದರೆ ಮಕ್ಕಳ ಕಣ್ಣು ನಿಮ್ಮ ಕೈ ಮೇಲೇ ಇರುತ್ತದೆ. ಆಮೇಲೆ "ನಾನು ಮೊದಲು ಏನು ಮಾಡಿದೆ?" ಅಂತ ಕೇಳಿ, ಅವರೇ ಹೇಳಲಿ. ಒಬ್ಬರು ಬಂದು ಮಾಡಿ ತೋರಿಸಲಿ. ನಂತರ ಒಂದು ಸಾಲಿನವರು, ಆಮೇಲೆ ಎಲ್ಲರೂ. ಗಲಾಟೆ ಆದರೆ ಬೈಯಬೇಡಿ. "ಇನ್ನೊಂದ್ಸಲ ಮಾಡೋಣ" ಅನ್ನಿ, ಸಾಕು. ಹೊಗಳುವಾಗಲೂ ಬರೀ "ವೆರಿ ಗುಡ್" ಬೇಡ. "ನೀನು ಜಿಪ್ ಹಾಕಿ ಬ್ಯಾಗ್ ಕೆಳಗಿಟ್ಟೆ, ದಾರೀಲಿ ಯಾರೂ ಎಡವಲ್ಲ" ಅನ್ನಿ. ಏನು ಸರಿ ಮಾಡಿದೆ ಅನ್ನುವುದು ಆ ಮಗುವಿಗೂ ಗೊತ್ತಾಗುತ್ತದೆ, ಕೇಳಿಸಿಕೊಂಡ ಉಳಿದವರಿಗೂ ಗೊತ್ತಾಗುತ್ತದೆ.

ಪಾಠ ಹಿಂದೆ ಬೀಳುತ್ತದೆ ಅನ್ನುವ ಚಿಂತೆಗೆ ಒಂದು ಸರಳ ಲೆಕ್ಕ. ಪುಸ್ತಕ ತೆಗೆಯಲು ಐದು ನಿಮಿಷ ಬೇಕಾಗುತ್ತಿದ್ದದ್ದು ಒಂದು ನಿಮಿಷಕ್ಕೆ ಇಳಿಯಿತು ಅಂದುಕೊಳ್ಳಿ. ದಿನಕ್ಕೆ ನಾಲ್ಕು ಸಲ ಅಂದರೆ 16 ನಿಮಿಷ ಉಳಿಯಿತು. ಶಾಲೆ 200 ದಿನ ನಡೆದರೆ 3,200 ನಿಮಿಷ, ಅಂದರೆ 53 ಗಂಟೆಗೂ ಜಾಸ್ತಿ. ಇದು ಒಂದೇ ಒಂದು ರೂಢಿಯಿಂದ ಉಳಿದ ಸಮಯ.

ಇಷ್ಟು ಸಣ್ಣ ವಿಷಯವನ್ನೂ ಕಲಿಸಬೇಕಾ ಅಂತ ಅನ್ನಿಸಬಹುದು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಪುಟ್ಟ ಮಕ್ಕಳಿಗಾಗಿ ಶಾಲೆ ಶುರು ಮಾಡಿದರು. ಅಲ್ಲಿ ಒಂದು ದಿನ ಮೂಗು ಒರೆಸಿಕೊಳ್ಳುವುದು ಹೇಗೆ ಅಂತ ಮಕ್ಕಳಿಗೆ ಮಾಡಿ ತೋರಿಸಿದರು. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು, ಕೊನೆಗೆ ಜೋರಾಗಿ ಚಪ್ಪಾಳೆ ತಟ್ಟಿದರು. ಮೂಗಿನ ವಿಷಯಕ್ಕೆ ಆ ಮಕ್ಕಳು ಯಾವಾಗಲೂ ಬೈಸಿಕೊಂಡಿದ್ದರು, ಹೀಗೆ ಮಾಡು ಅಂತ ಸಮಾಧಾನವಾಗಿ ಯಾರೂ ತೋರಿಸಿರಲಿಲ್ಲ ಅಂತ ಮಾಂಟೆಸ್ಸರಿ ಅರ್ಥ ಮಾಡಿಕೊಂಡರು. ನಾವು ಶಿಸ್ತು ಇಲ್ಲ ಅಂತ ಬೈಯುವ ಎಷ್ಟೋ ವಿಷಯಗಳನ್ನು ನಾವೇ ಕಲಿಸಿರುವುದಿಲ್ಲ.

ರೂಢಿಗಳಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕಾದ್ದು ಟಾಯ್ಲೆಟ್. ದೊಡ್ಡವರು ಇದನ್ನು ಎಷ್ಟು ಸಲೀಸಾಗಿ ಮರೆಯುತ್ತಾರೆ ಅಂದರೆ ನನಗೆ ಬೇಜಾರಾಗುತ್ತದೆ. ಟಾಯ್ಲೆಟ್ ಎಲ್ಲಿದೆ ಅಂತ ಗೊತ್ತಿಲ್ಲ, ಚಿಲಕ ಹಾಕಲು ಬರುವುದಿಲ್ಲ, ಎಲ್ಲರ ಮುಂದೆ ಎದ್ದು ಕೇಳಲು ನಾಚಿಕೆ. ಹೋಗಬೇಕಾಗುತ್ತದೆ ಅಂತ ಹೆದರಿ ನೀರೇ ಕುಡಿಯದ ಮಕ್ಕಳಿದ್ದಾರೆ. ಮೊದಲ ದಿನ, ಮೊದಲ ಗಂಟೆಯಲ್ಲೇ ಎಲ್ಲರನ್ನೂ ಕರೆದುಕೊಂಡು ಹೋಗಿ ತೋರಿಸಿ. ಚಿಲಕ ತೆಗೆದು ಹಾಕಿ ನೋಡಲಿ, ನಲ್ಲಿ ತಿರುಗಿಸಲಿ. ಕೇಳುವುದಕ್ಕೆ ಒಂದು ಕೈಸನ್ನೆ ಇಟ್ಟುಕೊಳ್ಳಿ, ಬಾಯಿ ಬಿಟ್ಟು ಕೇಳಬೇಕಾದ ಕಷ್ಟ ತಪ್ಪುತ್ತದೆ. ಮಗು ಬಟ್ಟೆ ಒದ್ದೆ ಮಾಡಿಕೊಂಡರೆ ಏನು ಮಾಡಬೇಕು, ಬೇರೆ ಬಟ್ಟೆ ಎಲ್ಲಿರುತ್ತದೆ ಅನ್ನುವುದನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ಆ ಹೊತ್ತಲ್ಲಿ ನೀವು ಗಡಿಬಿಡಿ ಮಾಡದೆ ಇದ್ದರೆ ಉಳಿದ ಮಕ್ಕಳೂ ನಗುವುದಿಲ್ಲ. ಆಮೇಲೆ ಬರುವುದು ನೀರು ಕುಡಿಯುವುದು, ಎಲ್ಲರೂ ನಿಮ್ಮ ಕಡೆ ನೋಡಬೇಕಾದಾಗ ಕೊಡುವ ಸಂಕೇತ, ಮನೆಗೆ ಹೊರಡುವ ಹೊತ್ತಿನ ಕ್ರಮ. ಒಂದು ದಿನಕ್ಕೆ ಎರಡು ಮೂರಕ್ಕಿಂತ ಹೆಚ್ಚು ಹೊಸ ರೂಢಿ ಹೇರಬೇಡಿ.

ಈಗ ಅಳು. ಅಪ್ಪ ಅಮ್ಮನನ್ನು ಬಿಟ್ಟಿರಲಾರದ ಸಂಕಟ ಹಸುಗೂಸಿನ ವಯಸ್ಸಲ್ಲೇ ಜೋರಾಗಿ ಇರುತ್ತದೆ, ಮೂರು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆದರೆ ಹೊಸ ಜಾಗ, ಹೊಸ ಮುಖ, ದೀರ್ಘ ರಜೆ ಇವು ಅದನ್ನು ಮತ್ತೆ ಎಬ್ಬಿಸಬಹುದು. ಹೋದ ವರ್ಷ ನಗುತ್ತಾ ಬರುತ್ತಿದ್ದ ಮಗು ಈ ಸಲ ಅಳಬಹುದು. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಮತ್ತು ಅವರ ಜೊತೆ ಕೆಲಸ ಮಾಡಿದ ಮೇರಿ ಐನ್ಸ್‌ವರ್ತ್ ತೋರಿಸಿಕೊಟ್ಟ ದೊಡ್ಡ ಸಂಗತಿ ಇದು: ನಂಬುವ ಒಬ್ಬ ದೊಡ್ಡವರು ಹತ್ತಿರ ಇದ್ದಾರೆ ಅಂತ ಗೊತ್ತಿದ್ದಾಗಲೇ ಮಗು ಧೈರ್ಯವಾಗಿ ಹೊಸದನ್ನು ಮುಟ್ಟಿ ನೋಡಲು ಹೋಗುವುದು. ಶಾಲೆಯಲ್ಲಿ ಆ ದೊಡ್ಡವರು ನೀವು.

ಬಾಗಿಲ ಬಳಿ ಬೀಳ್ಕೊಡುಗೆ ಚಿಕ್ಕದಾಗಿರಲಿ ಅಂತ ಹೆತ್ತವರಿಗೆ ಮೊದಲೇ ಹೇಳಿ. ಮಗು ಆಚೆ ನೋಡುತ್ತಿದ್ದಾಗ ಮೆಲ್ಲಗೆ ಜಾರಿಕೊಳ್ಳುವುದು ಬೇಡವೇ ಬೇಡ. ಒಂದು ದಿನ ಹಾಗೆ ಮಾಡಿದರೆ ಮರುದಿನ ಮಗು ಕೈ ಬಿಡುವುದೇ ಇಲ್ಲ. "ಬೇಗ ಬರ್ತೀನಿ" ಅನ್ನುವುದಕ್ಕಿಂತ "ಕೊನೆ ಬೆಲ್ ಆದಾಗ ಇದೇ ಗೇಟ್ ಹತ್ರ ಇರ್ತೀನಿ" ಅನ್ನುವುದು ಮೇಲು. ಗಡಿಯಾರ ನೋಡಲು ಬಾರದ ಮಗುವಿಗೂ ಬೆಲ್ ಗೊತ್ತಾಗುತ್ತದೆ. ನೀವು "ಅಳಬೇಡ, ನೀನು ದೊಡ್ಡವನಲ್ವಾ" ಅನ್ನಬೇಡಿ. "ಅಮ್ಮ ಬೇಕು ಅನ್ನಿಸ್ತಿದೆ ಅಲ್ವಾ? ಬಾ, ಈ ಬಣ್ಣದ ಪೆನ್ಸಿಲ್ ಎಲ್ಲರಿಗೂ ಹಂಚೋಣ" ಅನ್ನಿ. ಕೈಗೆ ಕೆಲಸ ಸಿಕ್ಕರೆ ಮನಸ್ಸು ನಿಧಾನಕ್ಕೆ ಅದರ ಹಿಂದೆ ಹೋಗುತ್ತದೆ. ಅಳುವ ಮಕ್ಕಳ ನಡುವೆ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತ ಮಗುವನ್ನು ಮಾತ್ರ ಮರೆಯಬೇಡಿ. ಅದು ತೊಂದರೆ ಕೊಡುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಪಕ್ಕ ದಿನಕ್ಕೆರಡು ಸಲ ಕೂತು, ಅದು ಮಾಡುತ್ತಿರುವ ಚಿತ್ರದ ಬಗ್ಗೆ ಒಂದು ಮಾತಾಡಿ ಎದ್ದು ಬನ್ನಿ. ಉತ್ತರಕ್ಕೆ ಒತ್ತಾಯ ಮಾಡಬೇಡಿ. ಅಳು, ಹೊಟ್ಟೆನೋವು, ನಿದ್ದೆ ಬರದಿರುವುದು ವಾರಗಟ್ಟಲೆ ಹಾಗೇ ಮುಂದುವರಿದರೆ ಮನೆಯವರ ಜೊತೆ ಕೂತು ಮಾತಾಡಿ, ವೈದ್ಯರನ್ನು ಕಾಣಲು ಹೇಳಿ.

ನೀವು ಈಗ ಕಟ್ಟುವ ಸಂಬಂಧದ ಫಲ ದೂರದವರೆಗೆ ಹೋಗುತ್ತದೆ. ಬ್ರಿಜೆಟ್ ಹ್ಯಾಮ್ರೆ ಮತ್ತು ರಾಬರ್ಟ್ ಪಿಯಾಂಟಾ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳನ್ನು ಕಿಂಡರ್‌ಗಾರ್ಟನ್‌ನಿಂದ ಎಂಟನೇ ತರಗತಿವರೆಗೆ ನೋಡಿದರು. ಕಿಂಡರ್‌ಗಾರ್ಟನ್‌ನಲ್ಲಿ ಟೀಚರ್ ಜೊತೆ ಜಗಳ, ಅತಿಯಾಗಿ ಅಂಟಿಕೊಂಡಿರುವುದು ಜಾಸ್ತಿ ಇದ್ದ ಮಕ್ಕಳು ಓದು ಮತ್ತು ನಡವಳಿಕೆಯಲ್ಲಿ ಸಾಮಾನ್ಯವಾಗಿ ಹಿಂದೆ ಬಿದ್ದಿರುವುದು ಕಂಡಿತು, ಅದೂ ವರ್ಷಗಳ ಆಮೇಲೆ. ಆದ್ದರಿಂದ ಬೆಳಿಗ್ಗೆ ಮಕ್ಕಳು ಬರುವಾಗ ಮೇಜಿನ ಮೇಲಿನ ಕಾಗದಗಳನ್ನು ಬಿಟ್ಟು ಬಾಗಿಲಲ್ಲಿ ನಿಂತುಕೊಳ್ಳಿ. ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯಿರಿ. ಹೆಸರು ಉಚ್ಚರಿಸಲು ಕಷ್ಟವಾದರೆ ಮಗುವನ್ನೇ ಕೇಳಿ, ಸರಿಯಾಗಿ ಕಲಿತುಕೊಳ್ಳಿ. ನಿಮ್ಮ ಅನುಕೂಲಕ್ಕೆ ತುಂಡು ಮಾಡಬೇಡಿ.

ಇನ್ನು ಆ ಪುಟ್ಟ ಪಾಠ. ಶಾಲೆಗೆ ಬರುವ ಮಗು ಏನೋ ಕಲಿಯಲು ಬರುತ್ತದೆ, ಸಂಜೆ ಮನೆಯಲ್ಲಿ "ಇವತ್ತು ಏನು ಕಲಿತೆ?" ಅಂತ ಕೇಳುತ್ತಾರೆ. ಹೇಳಲು ಒಂದು ಸಂಗತಿ ಕೊಟ್ಟು ಕಳಿಸಿ. ತನ್ನ ಹೆಸರಿನ ಮೊದಲ ಅಕ್ಷರ ಬರೆದದ್ದು, ಹತ್ತು ಕಡ್ಡಿ ಎಣಿಸಿದ್ದು, ನಾಲ್ಕು ಸಾಲಿನ ಪದ್ಯ, ಯಾವುದಾದರೂ ಸರಿ. ಆದರೆ ಎಲ್ಲರಿಗೂ ಮಾಡಲು ಆಗುವಂಥದ್ದು ಇರಲಿ.

ಎಷ್ಟು ಮರೆತಿದ್ದಾರೆ ಅಂತ ತಿಳಿಯಲು ಮೊದಲ ದಿನ ಟೆಸ್ಟ್ ಬೇಡ. ಮರೆತಿರುತ್ತಾರೆ. ಹ್ಯಾರಿಸ್ ಕೂಪರ್ ಮತ್ತು ಜೊತೆಗಾರರು 1996ರಲ್ಲಿ 39 ಅಧ್ಯಯನಗಳನ್ನು ನೋಡಿ, ಅವುಗಳಲ್ಲಿ ತೀರಾ ಈಚಿನ 13ರ ಫಲಿತಾಂಶವನ್ನು ಒಟ್ಟುಗೂಡಿಸಿದಾಗ, ಬೇಸಿಗೆ ರಜೆಯಲ್ಲಿ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಹೋಗಿರುವುದು ಕಂಡಿತು. ಕೂಡು ಕಳೆ ಲೆಕ್ಕ ಮತ್ತು ಸ್ಪೆಲ್ಲಿಂಗ್‌ನಲ್ಲಿ ಮರೆವು ಜಾಸ್ತಿ. ಗಾಬರಿ ಬೇಡ. ಮರೆವಿನ ಬಗ್ಗೆ ಮೊದಲು ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಇನ್ನೊಂದನ್ನೂ ತೋರಿಸಿದ್ದರು. ಒಮ್ಮೆ ಕಲಿತು ಮರೆತದ್ದನ್ನು ಎರಡನೇ ಸಲ ಕಲಿಯಲು ಕಡಿಮೆ ಸಮಯ ಸಾಕು. ದಿನಕ್ಕೆ ಹದಿನೈದು ನಿಮಿಷ ಹಳೆಯದನ್ನು ಆಟದ ರೂಪದಲ್ಲಿ ಕೆದಕಿ. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಕಾಯಿರಿ. ಟೀಚರ್‌ಗಳು ಸಾಮಾನ್ಯವಾಗಿ ಒಂದು ಸೆಕೆಂಡ್ ಕೂಡ ಕಾಯುವುದಿಲ್ಲ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರೂ ಬಾಯಿ ಬಿಡುತ್ತಾರೆ ಅಂತ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದಾರೆ. ರಜೆಯಿಂದ ಬಂದ ಮಗುವಿಗೆ ಆ ಮೂರು ಸೆಕೆಂಡ್ ಇನ್ನೂ ಹೆಚ್ಚು ಬೇಕು.

ಗೋಡೆ ಅಲಂಕಾರಕ್ಕೆ ರಾತ್ರಿಯೆಲ್ಲ ಕೂರಬೇಡಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅನಾ ಫಿಶರ್ ಮತ್ತು ಜೊತೆಗಾರರ 2014ರ ಪ್ರಯೋಗದಲ್ಲಿ ಕಿಂಡರ್‌ಗಾರ್ಟನ್ ಮಕ್ಕಳು ತುಂಬ ಅಲಂಕಾರದ ಕೋಣೆಯಲ್ಲಿ ಪರೀಕ್ಷೆಯ ಪ್ರಶ್ನೆಗಳಿಗೆ ಶೇಕಡ 42ರಷ್ಟು ಸರಿಯುತ್ತರ ಕೊಟ್ಟರು, ಖಾಲಿ ಗೋಡೆಯ ಕೋಣೆಯಲ್ಲಿ ಶೇಕಡ 55. ಸ್ವಾಗತಕ್ಕೆ ಒಂದು ಗೋಡೆ ಸಾಕು. ಉಳಿದದ್ದು ಮಕ್ಕಳ ಚಿತ್ರಗಳಿಗೆ ಖಾಲಿ ಇರಲಿ, ತಾನು ಬರೆದದ್ದು ಗೋಡೆ ಮೇಲೆ ಕಂಡಾಗ ಈ ಕೋಣೆ ತನ್ನದು ಅಂತ ಮಗುವಿಗೆ ಅನ್ನಿಸುತ್ತದೆ.

ಹೆತ್ತವರಿಗೆ ಹೇಳಬೇಕಾದ ಮುಖ್ಯ ಮಾತು ನಿದ್ದೆಯದು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 3ರಿಂದ 5 ವರ್ಷದವರಿಗೆ ಹಗಲು ನಿದ್ದೆಯೂ ಸೇರಿ 10ರಿಂದ 13 ಗಂಟೆ ಬೇಕು ಅನ್ನುವುದು ಅಮೆರಿಕದ ನಿದ್ರಾ ತಜ್ಞರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆ. ಶಾಲೆ ಶುರುವಾಗುವ ಒಂದು ವಾರ ಮೊದಲೇ ಮಲಗುವ ಹೊತ್ತನ್ನು ದಿನಾ ಸ್ವಲ್ಪ ಸ್ವಲ್ಪ ಹಿಂದಕ್ಕೆ ತಂದರೆ ಬೆಳಗಿನ ಅರ್ಧ ರಗಳೆ ತಪ್ಪುತ್ತದೆ.

ಪೂರ್ತಿ ವೇಗದಲ್ಲಿ ಪಾಠಕ್ಕೆ ಇಳಿಯುವುದು ಯಾವಾಗ? ತಾರೀಖು ನೋಡಿ ನಿರ್ಧರಿಸಬೇಡಿ. ನೀವು ಒಂದು ಮಗುವಿನ ಜೊತೆ ಐದು ನಿಮಿಷ ಪಕ್ಕಕ್ಕೆ ಕೂತಾಗ ಉಳಿದವರು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದಾರೆ ಅಂದರೆ ತರಗತಿ ತಯಾರಾಗಿದೆ. ಮಾಡುತ್ತಿಲ್ಲ ಅಂದರೆ ಯಾವ ರೂಢಿ ಸಡಿಲವಾಗಿದೆ ಅಂತ ನೋಡಿ, ಅದೊಂದನ್ನೇ ಮತ್ತೆ ಮಾಡಿಸಿ. ಮಧ್ಯದಲ್ಲಿ ಉದ್ದದ ರಜೆ ಬಂದರೆ, ಮುಗಿದ ಮೇಲೆ ಅರ್ಧ ದಿನ ಇದಕ್ಕೇ ಇಡಿ. ಮೂರನೇ ವಾರದಲ್ಲೋ ನಡುವರ್ಷದಲ್ಲೋ ಹೊಸ ಮಗು ಬಂದರೆ ಜೊತೆಗೊಬ್ಬ ಗೆಳೆಯನನ್ನೋ ಗೆಳತಿಯನ್ನೋ ಗೊತ್ತು ಮಾಡಿ, ಬ್ಯಾಗ್, ಪುಸ್ತಕ, ಸಾಲು ಎಲ್ಲವನ್ನೂ ಅವರೇ ತೋರಿಸಿಕೊಡಲಿ. ಟಾಯ್ಲೆಟ್ ಮಾತ್ರ ನೀವೇ ಕರೆದುಕೊಂಡು ಹೋಗಿ ತೋರಿಸಿ.