ಮಾತ್ರೆ ಬಿಟ್ಟ ನಾಲ್ಕನೇ ದಿನ ತಲೆಯೊಳಗೆ ಕರೆಂಟ್

ಪ್ರಶ್ನೆ: ಹೊಸನಗರದ ಹತ್ತಿರ ನಮ್ಮದು ಅಡಿಕೆ ತೋಟ. ಖಿನ್ನತೆಗೆ ಎರಡು ವರ್ಷದಿಂದ ಎಸಿಟಾಲೋಪ್ರಾಮ್ 10 ಮಿ.ಗ್ರಾಂ ತಗೊಳ್ತಿದ್ದೆ. ಆರಾಮಿದ್ದೇನಲ್ಲ ಅಂತ ನಾನೇ ನಿಲ್ಲಿಸಿದೆ. ನಾಲ್ಕನೇ ದಿನದಿಂದ ತಲೆ ತಿರುಗು, ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ಎಲ್ಲರ ಮೇಲೂ ಸಿಡುಕು. ಕಾಯಿಲೆ ವಾಪಸ್ ಬಂತಾ? ಮಾತ್ರೆ ಚಟ ಆಗಿದೆಯಾ?

ಉತ್ತರ: ಎರಡೂ ಇರಲಿಕ್ಕಿಲ್ಲ. ಆ ‘ಕರೆಂಟ್’ ಎಂಬ ಮಾತೇ ಸುಳಿವು. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ವಾರಗಟ್ಟಲೆ ಹಿಡಿಯುತ್ತದೆ, ಸದ್ದಿಲ್ಲದೆ ಬರುತ್ತದೆ: ತೋಟದ ಕಡೆ ಹೋಗಲು ಮನಸ್ಸಿಲ್ಲ, ಊಟ ರುಚಿಸುವುದಿಲ್ಲ. ಮಾತ್ರೆ ಬಿಟ್ಟ ಎರಡು ಮೂರು ದಿನಕ್ಕೇ ತಲೆಸುತ್ತು, ವಾಕರಿಕೆ, ವಿಚಿತ್ರ ಕನಸು ಶುರುವಾದರೆ ಅದು ಬಿಟ್ಟದ್ದರ ಪರಿಣಾಮ. ಮತ್ತೆ ಮಾತ್ರೆ ತೆಗೆದುಕೊಂಡರೆ ಹೆಚ್ಚಿನವರಿಗೆ ಕೆಲವೇ ದಿನದಲ್ಲಿ ಇಳಿಯುತ್ತದೆ. ಖಿನ್ನತೆ ಅಷ್ಟು ಬೇಗ ಇಳಿಯುವಂಥದ್ದಲ್ಲ.

ಚಟವಾಗಿದ್ದರೆ ಇನ್ನೊಂದು ಮಾತ್ರೆ ಬೇಕು ಬೇಕು ಅನ್ನಿಸುತ್ತಿತ್ತು. ನೀವು ಬಿಡಲು ಹೊರಟವರು. ಎರಡು ವರ್ಷ ಔಷಧಿಗೆ ಹೊಂದಿಕೊಂಡಿದ್ದ ಮಿದುಳಿಗೆ ಮತ್ತೆ ಹೊಂದಿಕೊಳ್ಳಲು ಸಮಯ ಸಿಕ್ಕಿಲ್ಲ, ಅಷ್ಟೆ. 2024ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಖಿನ್ನತೆಯ ಮಾತ್ರೆ ನಿಲ್ಲಿಸಿದ ಆರೇಳು ಜನರಲ್ಲಿ ಒಬ್ಬರಿಗೆ ಔಷಧಿ ಬಿಟ್ಟ ಕಾರಣಕ್ಕೇ ಇಂಥ ತೊಂದರೆ ಕಾಣಿಸುತ್ತದೆ. ಇದೇ ಕಾಯಿಲೆಗೆ ಕೊಡುವ ಬೇರೆ ಮಾತ್ರೆಗಳಲ್ಲಿ ಪರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಬೇಗ ಮೈಯಿಂದ ಇಳಿಯುವುದರಿಂದ ಹೆಚ್ಚು ಕಾಡುತ್ತವೆ. ಫ್ಲುವಾಕ್ಸೆಟಿನ್ ವಾರಗಟ್ಟಲೆ ಉಳಿಯುತ್ತದೆ, ಕಾಟ ಕಡಿಮೆ.

ಈಗೇನು ಮಾಡುವುದು? ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಮತ್ತೆ ಶುರು ಮಾಡಿ ನಿಧಾನವಾಗಿ ಇಳಿಸೋಣ ಎಂದೇ ಬಹುಶಃ ಅವರು ಹೇಳುತ್ತಾರೆ. ‘ದಿನ ಬಿಟ್ಟು ದಿನ’ ನುಂಗುವ ನಮ್ಮೂರ ಉಪಾಯ ಬೇಡ; ಒಂದು ದಿನ ಏರಿ ಒಂದು ದಿನ ಬಿದ್ದಂತಾಗುತ್ತದೆ. ಪ್ರಮಾಣವನ್ನೇ ತಗ್ಗಿಸಬೇಕು. ಇಲ್ಲೊಂದು ವಿಚಿತ್ರವಿದೆ: 10ರಿಂದ 5ಕ್ಕೆ ಇಳಿದಾಗ ಮಿದುಳಿನಲ್ಲಿ ಆಗುವ ವ್ಯತ್ಯಾಸಕ್ಕಿಂತ 5ರಿಂದ ಸೊನ್ನೆಗೆ ಬಂದಾಗ ಆಗುವುದು ಬಹಳ ದೊಡ್ಡದು. ಮಳೆಗಾಲದಲ್ಲಿ ಧರೆ ಇಳಿಯುವವರಿಗೆ ಗೊತ್ತು, ಜಾರುವುದು ಕೊನೆಯ ನಾಲ್ಕು ಹೆಜ್ಜೆಯಲ್ಲಿ. ಹಾಗಾಗಿ ಕೊನೆಗೆ 2.5 ಮಿ.ಗ್ರಾಂ, ಅದಕ್ಕೂ ಕಡಿಮೆ ಮಾಡಿ ಕೆಲವು ವಾರ ನಿಲ್ಲಬೇಕಾಗಬಹುದು. ಕೆಲವರಿಗೆ ತಿಂಗಳುಗಳೇ ಬೇಕು.

ಅಡಿಕೆ ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಮಾತ್ರೆ ಇಳಿಸಲು ಶುರು ಮಾಡಬೇಡಿ. ತಲೆ ಹಿಂದಕ್ಕೆ ಹಾಕಿ ದೋಟಿ ಹಿಡಿಯುವ ಕೆಲಸಕ್ಕೂ ಈ ತಲೆಸುತ್ತಿಗೂ ಆಗಿಬರುವುದಿಲ್ಲ. ಸದ್ಯ ಮರ ಹತ್ತುವುದು, ಬೈಕ್ ಓಡಿಸುವುದೂ ಬೇಡ. ಆಷಾಢದ ಮಳೆಗೆ ಮರ ಬಿದ್ದು ಬಸ್ ನಿಂತರೆ ಮಾತ್ರೆ ತಪ್ಪುತ್ತದೆ. ಒಂದು ಶೀಟು ಹೆಚ್ಚಿಗೆ ಮನೆಯಲ್ಲಿರಲಿ.

ಸಾಯುವ ಯೋಚನೆ ಬಂದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇಳಿಸುವ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಮನೆಯವರಿಗೂ ತಿಳಿಸಿ. ನಿಮ್ಮ ಸಿಡುಕು ನಿಮಗಿಂತ ಮೊದಲು ಗೊತ್ತಾಗುವುದು ಅವರಿಗೇ.