ಸಕ್ಕರೆಯ ಅಣುವನ್ನು ಒಂದೊಂದಾಗಿ ಕಾಣುವ ಬಗೆ

ಗ್ಲೂಕೋಸ್, ಮ್ಯಾನೋಸ್, ಗ್ಯಾಲಕ್ಟೋಸ್ ಎಂಬ ಮೂರು ಸಕ್ಕರೆಗಳಲ್ಲೂ ಇರುವುದು ಆರು ಇಂಗಾಲ, ಹನ್ನೆರಡು ಜಲಜನಕ ಮತ್ತು ಆರು ಆಮ್ಲಜನಕದ ಪರಮಾಣುಗಳೇ. ಆದ್ದರಿಂದ ತೂಕದಿಂದ ಇವುಗಳನ್ನು ಬೇರ್ಪಡಿಸಿ ಗುರುತಿಸಲಾಗದು. ಗ್ಲೂಕೋಸಿನ ಎರಡನೆಯ ಇಂಗಾಲಕ್ಕೆ ಅಂಟಿರುವ ಹೈಡ್ರಾಕ್ಸಿಲ್ ಗುಂಪು (ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿ) ದಿಕ್ಕು ಬದಲಿಸಿದರೆ ಅದು ಮ್ಯಾನೋಸ್, ನಾಲ್ಕನೆಯದಕ್ಕೆ ಅಂಟಿರುವುದು ಬದಲಿಸಿದರೆ ಗ್ಯಾಲಕ್ಟೋಸ್. ಈ ಬಿಡಿ ಸಕ್ಕರೆಗಳು ಸರಪಳಿಯಾಗಿ ಹೆಣೆದುಕೊಂಡಾಗ ಕೊಂಡಿಯ ದಿಕ್ಕೂ ಮುಖ್ಯವಾಗುತ್ತದೆ. ಪಿಷ್ಟವೂ ಸೆಲ್ಯುಲೋಸೂ ಗ್ಲೂಕೋಸಿನಿಂದಲೇ ಆದವು. ಆದರೂ ಕೊಂಡಿ ತಿರುಗಿರುವ ಬಗೆ ಬೇರೆಯಾದ್ದರಿಂದ ಮೊದಲನೆಯದು ನಮಗೆ ಜೀರ್ಣವಾಗುತ್ತದೆ, ಎರಡನೆಯದು ಆಗುವುದಿಲ್ಲ. ರಕ್ತದ ಎ ಮತ್ತು ಬಿ ಗುಂಪುಗಳ ನಡುವಿನ ವ್ಯತ್ಯಾಸವೂ ಕೆಂಪು ರಕ್ತಕಣಗಳ ಮೇಲಿನ ಸರಪಳಿಯ ತುದಿಯಲ್ಲಿರುವ ಒಂದೇ ಒಂದು ಸಕ್ಕರೆಯದು.

ಇಷ್ಟು ಮುಖ್ಯವಾದ ಈ ಅಣುಗಳ ರಚನೆಯನ್ನು ಅರಿಯುವುದು ಬಹಳ ಕಷ್ಟ. ಪ್ರೋಟೀನಿನ ಜೋಡಣೆಯ ಕ್ರಮ ಜೀನಿನಲ್ಲಿ ಬರೆದಿರುತ್ತದೆ. ಸಕ್ಕರೆ ಸರಪಳಿಗೆ ಅಂಥ ಅಚ್ಚಿಲ್ಲ. ಅದು ಕವಲೊಡೆಯುತ್ತದೆ, ಬಳುಕುತ್ತದೆ, ಸುಲಭವಾಗಿ ಹರಳುಗಟ್ಟುವುದಿಲ್ಲ. ಜೀವಕೋಶದಿಂದ ತೆಗೆದ ಮಾದರಿಯಲ್ಲಿ ಹಲವು ರೂಪಗಳು ಬೆರೆತಿರುತ್ತವೆ, ಅಸಂಖ್ಯ ಅಣುಗಳನ್ನು ಒಟ್ಟಿಗೆ ಅಳೆಯುವ ವಿಧಾನಗಳು ಆ ಬೆರಕೆಯ ಸರಾಸರಿಯನ್ನಷ್ಟೇ ಕೊಡುತ್ತವೆ.

ಒಂದೊಂದೇ ಅಣುವನ್ನು ನೋಡಲು ನೆರವಾದದ್ದು ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಚ್ ರೋರರ್ 1981ರಲ್ಲಿ ರೂಪಿಸಿದ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕ. ಇದರಲ್ಲಿ ಮಸೂರವಿಲ್ಲ. ತುದಿಯಲ್ಲಿ ಒಂದೇ ಪರಮಾಣು ಚಾಚಿಕೊಂಡಿರುವಷ್ಟು ಚೂಪಾದ ಲೋಹದ ಸೂಜಿ, ಮಾದರಿಯನ್ನು ಮುಟ್ಟದೆ, ಒಂದು ನ್ಯಾನೋಮೀಟರಿಗಿಂತಲೂ ಕಡಿಮೆ ಅಂತರದಲ್ಲಿ ಅದರ ಮೇಲೆ ಸಾಲುಸಾಲಾಗಿ ಸಾಗುತ್ತದೆ. ನಡುವಿನ ಬಯಲನ್ನು ಎಲೆಕ್ಟ್ರಾನುಗಳು ದಾಟುವುದರಿಂದ ಹರಿಯುವ ವಿದ್ಯುತ್ತು, ಅಂತರ 0.1 ನ್ಯಾನೋಮೀಟರಿನಷ್ಟು ಬದಲಾದರೂ ಸುಮಾರು ಹತ್ತು ಪಟ್ಟು ಏರುತ್ತದೆ ಅಥವಾ ಇಳಿಯುತ್ತದೆ. ಆ ಏರಿಳಿತವೇ ಚಿತ್ರವಾಗುತ್ತದೆ.

ನಿಜವಾದ ತೊಡಕಿದ್ದದ್ದು ಸಕ್ಕರೆಯನ್ನು ಸೂಜಿಯ ಕೆಳಗೆ ತಂದಿಡುವುದರಲ್ಲಿ. ಇತರ ಹಲವು ಅಣುಗಳನ್ನು ನಿರ್ವಾತದಲ್ಲಿ ಕಾಯಿಸಿ, ಆವಿಯಾಗಿಸಿ ಲೋಹದ ಮೇಲೆ ಹರಡಬಹುದು. ಸಕ್ಕರೆ ಸರಪಳಿ ಕಾದರೆ ಆವಿಯಾಗುವ ಮೊದಲೇ ಒಡೆದುಹೋಗುತ್ತದೆ. ಹಾಗಾಗಿ ಸಂಶೋಧಕರು ಅದನ್ನು ದ್ರಾವಣವಾಗಿಸಿ, ವಿದ್ಯುತ್ ಕ್ಷೇತ್ರದಲ್ಲಿ ತುಂತುರಾಗಿ ಸಿಂಪಡಿಸುತ್ತಾರೆ. ವಿದ್ಯುದಾವೇಶ ಪಡೆದ ಅಣುಗಳಲ್ಲಿ ಬೇಕಾದ ತೂಕದವನ್ನು ಆರಿಸಿ, ವೇಗ ತಗ್ಗಿಸಿ, ತಾಮ್ರದ ನುಣುಪಾದ ಮೇಲ್ಮೈ ಮೇಲೆ ಒಡೆಯದಂತೆ ಮೆಲ್ಲನೆ ಇಳಿಸುತ್ತಾರೆ. ಈ ಮೆದುವಾದ ಇಳಿತವೇ ಇಡೀ ಪ್ರಯೋಗದ ಜೀವಾಳವೆಂದು ನನಗೆ ಅನ್ನಿಸುತ್ತದೆ. ಅಣುಗಳು ಅಲುಗದಿರಲಿ ಎಂದು ಮೇಲ್ಮೈಯನ್ನು ಮೈನಸ್ 273 ಡಿಗ್ರಿ ಸೆಲ್ಸಿಯಸ್ ಎಂಬ ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಣ್ಣಗಾಗಿಸುತ್ತಾರೆ.

ಜರ್ಮನಿಯ ಸ್ಟುಟ್‌ಗಾರ್ಟ್ ಮತ್ತು ಪಾಟ್ಸ್‌ಡಾಮ್‌ಗಳ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳ ವಿಜ್ಞಾನಿಗಳು ಹೀಗೆ ಪಡೆದ ಬಿಡಿ ಸಕ್ಕರೆ ಸರಪಳಿಗಳ ಚಿತ್ರಗಳನ್ನು 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಉಂಗುರದಾಕಾರದ ಪ್ರತಿ ಬಿಡಿ ಸಕ್ಕರೆಯೂ ಒಂದು ಪುಟ್ಟ ಉಬ್ಬಿನಂತೆ ಕಾಣುತ್ತದೆ. ಉಬ್ಬುಗಳನ್ನು ಎಣಿಸಬಹುದು, ಕವಲು ಎಲ್ಲಿ ಹೊರಟಿದೆಯೆಂದು ತೋರಿಸಬಹುದು. ಆದರೆ ಇದು ಛಾಯಾಚಿತ್ರವಲ್ಲ, ಮೇಲ್ಮೈಗೆ ಒರಗಿ ಚಪ್ಪಟೆಯಾದ ಅಣುವಿನ ಎಲೆಕ್ಟ್ರಾನುಗಳ ಹರಹು. ನೀರಿನಲ್ಲಿ ಅದೇ ಅಣು ಬೇರೆ ಭಂಗಿಯಲ್ಲಿರುತ್ತದೆ. 2023ರ ಹೊತ್ತಿಗೆ ಇದೇ ವಿಧಾನ ಪ್ರೋಟೀನು ಮತ್ತು ಕೊಬ್ಬಿನ ಅಣುಗಳಿಗೆ ಅಂಟಿಕೊಂಡಿರುವ ಸಕ್ಕರೆಗಳಿಗೂ ವಿಸ್ತರಿಸಿತು, ಒಂದು ಪ್ರೋಟೀನಿನ ಎಳೆಯ ಮೇಲೆ ಸಕ್ಕರೆಯ ಕವಲುಗಳು ಎಲ್ಲೆಲ್ಲಿ ಅಂಟಿವೆಯೆಂದು ಅಣುವಿನಿಂದ ಅಣುವಿಗೆ ಹೋಲಿಸಿ ನೋಡುವುದು ಸಾಧ್ಯವಾಯಿತು.