ಮಿಡಿತ ಎಲ್ಲಿಂದ ಹೊರಡಬೇಕು?

ನಿಧಾನವಾದ ಹೃದಯವನ್ನು ಎಚ್ಚರಿಸುತ್ತಿರಲು ಪೇಸ್‌ಮೇಕರ್ ಬೇಕು ಎಂಬುದು ಹೆಚ್ಚಿನವರಿಗೆ ಗೊತ್ತು. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರ ದೇಹದೊಳಗೆ ಮೊಟ್ಟಮೊದಲ ಪೇಸ್‌ಮೇಕರ್ ಇರಿಸಿದಾಗ ಉದ್ದೇಶವಿದ್ದದ್ದೂ ಅದೇ, ಮಿಡಿತ ನಿಲ್ಲಬಾರದು ಎಂದು. ಆದರೆ ಹೃದಯ ವೈಫಲ್ಯದ ಎಷ್ಟೋ ರೋಗಿಗಳಲ್ಲಿ ನಾಡಿ ನಿಮಿಷಕ್ಕೆ 70-80ರ ಆಸುಪಾಸಿನಲ್ಲಿ ನೆಟ್ಟಗೇ ಇರುತ್ತದೆ. ಹಾಗಿದ್ದರೂ ಅವರಲ್ಲಿ ಕೆಲವರಿಗೆ ಪೇಸ್‌ಮೇಕರ್ ಹಾಕಿಸಿಕೊಳ್ಳುವಂತೆ ವೈದ್ಯರು ಹೇಳುತ್ತಾರೆ. ವೇಗ ಸರಿಯಿರುವಾಗ ಈ ಯಂತ್ರವೇಕೆ ಎಂದು ಮನೆಯವರು ಗೊಂದಲಕ್ಕೆ ಬೀಳುವುದು ಸಹಜ. ಇಲ್ಲಿ ಯಂತ್ರ ತಿದ್ದುವುದು ವೇಗವನ್ನಲ್ಲ, ಹೃದಯದ ಗೋಡೆಗಳು ಕುಗ್ಗುವ ಹೊಂದಾಣಿಕೆಯನ್ನು.

ಹೃದಯದ ಮೇಲಿನ ಕೋಣೆಯಾದ ಬಲ ಹೃತ್ಕರ್ಣದಲ್ಲಿ ಹುಟ್ಟುವ ವಿದ್ಯುತ್ ಸಂಕೇತ, ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಎವಿ ಗಂಟಿನಲ್ಲಿ ಕ್ಷಣಕಾಲ ತಡೆದು, ಹಿಸ್ ಕಟ್ಟು ಎಂಬ ತೆಳುವಾದ ನಾರಿನ ಗೊಂಚಲಿಗೆ ಇಳಿಯುತ್ತದೆ. ಅಲ್ಲಿಂದ ಎಡ ಮತ್ತು ಬಲ ಕವಲುಗಳಾಗಿ ಒಡೆದು, ಪರ್ಕಿಂಜೆ ನಾರುಗಳ ಮೂಲಕ ಕೆಳಗಿನ ಕೋಣೆಗಳಾದ ಎರಡೂ ಹೃತ್ಕುಕ್ಷಿಗಳಿಗೆ ಹಬ್ಬುತ್ತದೆ. ವೈದ್ಯ ವಿಲ್‌ಹೆಲ್ಮ್ ಹಿಸ್ ಈ ಕಟ್ಟನ್ನು ಗುರುತಿಸಿದ್ದು 1893ರಲ್ಲಿ. ಜಪಾನಿನ ಸುನಾವೊ ತವಾರಾ ಇಡೀ ಜಾಲವನ್ನು ಬಿಡಿಸಿ ತೋರಿಸಿದ್ದು 1906ರಲ್ಲಿ. ಈ ದಾರಿಯಲ್ಲಿ ಸಂಕೇತ ಸುಮಾರು 100 ಮಿಲಿಸೆಕೆಂಡಿನೊಳಗೆ ಎಲ್ಲೆಡೆ ತಲುಪುತ್ತದೆ. ಎಡ ಕವಲು ಕೆಟ್ಟಿತೆಂದರೆ ಸಂಕೇತ ಸ್ನಾಯುಕೋಶದಿಂದ ಸ್ನಾಯುಕೋಶಕ್ಕೆ ದಾಟುತ್ತಾ ಸಾಗಬೇಕು, ಅದು ಹಲವು ಪಟ್ಟು ನಿಧಾನ. ಹೃದಯದ ನಡುಗೋಡೆ ಮೊದಲು ಕುಗ್ಗುತ್ತದೆ. ಎಡಗಡೆಯ ಹೊರಗೋಡೆ ಕುಗ್ಗುವ ಹೊತ್ತಿಗೆ ನಡುಗೋಡೆ ಸಡಿಲವಾಗಿರುತ್ತದೆ. ಒದ್ದೆ ಬಟ್ಟೆ ಹಿಂಡುವಾಗ ಒಂದು ಕೈ ತಿರುಚಿ ಬಿಟ್ಟ ಮೇಲೆ ಇನ್ನೊಂದು ಕೈ ತಿರುಚಿದರೆ ನೀರು ಇಳಿಯುವುದಿಲ್ಲ. ಇಲ್ಲಿಯೂ ಶ್ರಮವೆಲ್ಲ ಖರ್ಚಾಗಿ ರಕ್ತ ಮಾತ್ರ ಪೂರ್ತಿ ಹೊರಬೀಳದೆ ಉಳಿಯುತ್ತದೆ. ಮೊದಲೇ ಸೋತಿರುವ ಹೃದಯಕ್ಕೆ ಇದು ದೊಡ್ಡ ಪೆಟ್ಟು.

ಈ ತೊಡಕನ್ನು ಇಸಿಜಿ ಕಾಗದದ ಮೇಲೆ ಬರಿಗಣ್ಣಿನಲ್ಲಿ ಕಾಣಬಹುದು. ಒಂದೊಂದು ಸಣ್ಣ ಚೌಕ 40 ಮಿಲಿಸೆಕೆಂಡಿಗೆ ಸಮ. ಹೃತ್ಕುಕ್ಷಿಗಳಲ್ಲಿ ಸಂಕೇತ ಹಬ್ಬುವುದನ್ನು ತೋರುವ ಕ್ಯೂಆರ್‌ಎಸ್ ಅಲೆ ಆರೋಗ್ಯವಂತರಲ್ಲಿ ಮೂರು ಚೌಕದೊಳಗೆ ಮುಗಿಯುತ್ತದೆ. ಅದು ನಾಲ್ಕರತ್ತ ಹಿಗ್ಗಿದರೆ, ಅಂದರೆ 150 ಮಿಲಿಸೆಕೆಂಡು ಮುಟ್ಟಿದರೆ, ಗೋಡೆಗಳ ತಾಳ ತಪ್ಪಿದೆ ಎಂದೇ ಲೆಕ್ಕ.

ದುರದೃಷ್ಟವೆಂದರೆ ಸಾಂಪ್ರದಾಯಿಕ ಪೇಸ್‌ಮೇಕರ್ ಇದೇ ದೋಷವನ್ನು ತಾನೇ ತಂದೊಡ್ಡಬಲ್ಲದು. ಅದರ ತಂತಿಯ ತುದಿ ಬಲ ಹೃತ್ಕುಕ್ಷಿಯಲ್ಲಿರುತ್ತದೆ. ಮಿಡಿತ ಅಲ್ಲಿಂದ ಹೊರಟರೆ ಎಡಗೋಡೆಗೆ ಸುದ್ದಿ ಮುಟ್ಟುವುದು ಕೊನೆಗೆ. 2002ರಲ್ಲಿ ಪ್ರಕಟವಾದ ಡೇವಿಡ್ ಎಂಬ ಅಧ್ಯಯನ ಇದನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಮಾಡಿತು. ದುರ್ಬಲ ಹೃದಯದ, ಆದರೆ ಪೇಸಿಂಗ್, ಅಂದರೆ ಯಂತ್ರದಿಂದ ಮಿಡಿಸುವ ಅಗತ್ಯವಿಲ್ಲದ ರೋಗಿಗಳಲ್ಲಿ ಯಂತ್ರವನ್ನು 70ರ ವೇಗದಲ್ಲಿ ಓಡಿಸಿದಾಗ, 40ಕ್ಕೆ ಇಟ್ಟು ಸುಮ್ಮನಿರಿಸಿದವರಿಗಿಂತ ಸಾವು ಮತ್ತು ಆಸ್ಪತ್ರೆ ವಾಸ ಹೆಚ್ಚಾದವು. ಮಿಡಿತದ ಎಣಿಕೆಯಷ್ಟೇ ಅದರ ಮೂಲಸ್ಥಾನವೂ ಮುಖ್ಯ ಎಂಬುದಕ್ಕೆ ಇದಕ್ಕಿಂತ ಕಟುವಾದ ಪಾಠ ಸಿಕ್ಕಿರಲಿಲ್ಲ.

ಪರಿಹಾರವಾಗಿ ಬಂದದ್ದು ಎರಡೂ ಹೃತ್ಕುಕ್ಷಿಗಳನ್ನು ಒಟ್ಟಿಗೆ ಪ್ರಚೋದಿಸುವ ವಿಧಾನ, ಸಿಆರ್‌ಟಿ. ಒಂದು ತಂತಿ ಬಲ ಹೃತ್ಕುಕ್ಷಿಗೆ. ಇನ್ನೊಂದು ಕೊರೊನರಿ ಸೈನಸ್ ಎಂಬ ಸಿರೆಯೊಳಗೆ ತೂರಿ ಎಡಗೋಡೆಯ ಹೊರಮೈಗೆ. 2005ರ ಕೇರ್-ಎಚ್‌ಎಫ್ ಅಧ್ಯಯನದಲ್ಲಿ 813 ರೋಗಿಗಳಿದ್ದರು. ಔಷಧದ ಜೊತೆಗೆ ಈ ಯಂತ್ರವನ್ನೂ ಪಡೆದವರಲ್ಲಿ ಸಾವಿನ ಅಪಾಯ ಶೇ. 36ರಷ್ಟು ಇಳಿಯಿತು. ಹೃದಯ ವೈಫಲ್ಯದ ಚಿಕಿತ್ಸೆಯಲ್ಲಿ ಇಂಥ ಫಲಿತಾಂಶ ಅಪರೂಪ. ಹಾಗೆಂದು ಎಲ್ಲರಿಗೂ ಇದು ಒಗ್ಗುವುದಿಲ್ಲ. ಸುಮಾರು ಮೂರರಲ್ಲಿ ಒಬ್ಬರಿಗೆ ಹೇಳಿಕೊಳ್ಳುವಂಥ ಸುಧಾರಣೆ ಕಾಣುವುದಿಲ್ಲ. ಬೇಕಾದ ಜಾಗಕ್ಕೆ ಸಿರೆಯೇ ಇಲ್ಲದಿರಬಹುದು. ತಂತಿ ತಲುಪಿದ ಕಡೆ ಹಳೆಯ ಹೃದಯಾಘಾತದ ಕಲೆ ಇರಬಹುದು. ಪಕ್ಕದಲ್ಲೇ ಹಾದುಹೋಗುವ, ವಪೆಯನ್ನು ಆಡಿಸುವ ಫ್ರೆನಿಕ್ ನರ ಕೆರಳಿ, ಪ್ರತಿ ಮಿಡಿತಕ್ಕೂ ರೋಗಿಗೆ ಬಿಕ್ಕಳಿಕೆ ಬಂದಂತಾಗಬಹುದು. ಇನ್ನು ಕ್ಯೂಆರ್‌ಎಸ್ ಕಿರಿದಾಗಿದ್ದವರಿಗೂ ಇದನ್ನು ಕೊಟ್ಟು ನೋಡಿದ ಎಕೋ-ಸಿಆರ್‌ಟಿ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2013ರಲ್ಲಿ ಹೊರಬಂದ ಅದರ ಫಲಿತಾಂಶದಲ್ಲಿ ಸಿಆರ್‌ಟಿ ಪಡೆದವರ ಗುಂಪಿನಲ್ಲೇ ಸಾವು ಹೆಚ್ಚಿತ್ತು. ಕೆಡದಿರುವ ತಾಳವನ್ನು ತಿದ್ದಲು ಹೋದರೆ ಹಾನಿಯೇ ಸರಿ.

ಸಿಆರ್‌ಟಿಯಲ್ಲೂ ಎರಡು ಅಲೆಗಳು ಹೊರಡುವುದು ಸ್ನಾಯುವಿನಿಂದಲೇ. ಅದರ ಬದಲು ಹೃದಯದ ಸ್ವಂತ ನಾರುಗಳನ್ನೇ ಹಿಡಿದರೆ? 2000ದಲ್ಲಿ ದೇಶಮುಖ್ ಮತ್ತು ಸಂಗಡಿಗರು ಹಿಸ್ ಕಟ್ಟಿಗೇ ಶಾಶ್ವತವಾಗಿ ತಂತಿ ಸಿಕ್ಕಿಸಿದ್ದನ್ನು ವರದಿ ಮಾಡಿದರು. ಯೋಚನೆ ಸೊಗಸಾಗಿತ್ತು, ಕೆಲಸ ಕಠಿಣವಾಗಿತ್ತು. ಗುರಿ ತೀರಾ ಚಿಕ್ಕದು, ಪ್ರಚೋದಿಸಲು ಹೆಚ್ಚು ವೋಲ್ಟೇಜ್ ಬೇಕು, ಹಾಗಾಗಿ ಬ್ಯಾಟರಿ ಬೇಗ ಸವೆಯುತ್ತದೆ. ಕಾಲಕ್ರಮೇಣ ಬೇಕಾಗುವ ವೋಲ್ಟೇಜ್ ಇನ್ನಷ್ಟು ಏರುವುದೂ ಉಂಟು.

2017ರಲ್ಲಿ ಚೀನಾದ ವೆಯ್‌ಜಿಯಾನ್ ಹುವಾಂಗ್ ತಂಡ ಇನ್ನೂ ಸ್ವಲ್ಪ ಕೆಳಗಿಳಿದು ಎಡ ಕವಲನ್ನೇ ಹಿಡಿಯುವ ದಾರಿ ತೋರಿಸಿತು. ಕೆಲಸ ನಡೆಯುವ ಬಗೆ ನೋಡುವಂಥದ್ದು. ತಂತಿಯ ತುದಿಯಲ್ಲಿ ಪುಟ್ಟ ಸ್ಕ್ರೂ ಇರುತ್ತದೆ. ಬಲಗಡೆಯಿಂದ ಒತ್ತಿ ಹಿಡಿದು ತಿರುಗಿಸುತ್ತಾ, ಸುಮಾರು ಒಂದು ಸೆಂಟಿಮೀಟರ್ ದಪ್ಪದ ನಡುಗೋಡೆಯನ್ನು ಅದು ಮಿಡಿಯುತ್ತಿರುವಾಗಲೇ ಕೊರೆಯಬೇಕು. ವೈದ್ಯರ ಕಣ್ಣು ಇಸಿಜಿಯಲ್ಲಿ ಎದೆಯ ಮೇಲಿನ ಒಂದು ಬಿಂದುವಿನಿಂದ ಬರುವ ವಿ1 ಎಂಬ ಗೆರೆಯ ಮೇಲೆ. ಆರಂಭದಲ್ಲಿ ಅಲ್ಲೊಂದು ಕಚ್ಚು ಇರುವ ತಗ್ಗು ಕಾಣುತ್ತದೆ. ಸ್ಕ್ರೂ ಒಳಕ್ಕೆ ಇಳಿದಂತೆ ಆ ಕಚ್ಚು ಅಲೆಯ ಕೊನೆಗೆ ಸರಿದು ಪುಟ್ಟ ಶಿಖರವಾಗಿ ಮೇಲೇಳುತ್ತದೆ. ತುದಿ ಎಡಗಡೆಯ ಸಮೀಪ ಬಂದಿದೆ ಎಂದರ್ಥ. ವಿದ್ಯುತ್ ರೋಧ ಥಟ್ಟನೆ ಕುಸಿದರೆ ಗೋಡೆ ದಾಟಿ ರಕ್ತದೊಳಕ್ಕೆ ತೂರಿದ ಸೂಚನೆ. ಹಿಂದೆ ತೆಗೆದು ಬೇರೆ ಜಾಗ ಹುಡುಕಬೇಕು. ಇಲ್ಲಿ ಕಡಿಮೆ ವೋಲ್ಟೇಜ್ ಸಾಕು, ಗುರಿಯೂ ವಿಶಾಲ. ಹಿಸ್ ಪೇಸಿಂಗ್ ಹಿಂದೆ ಸರಿದು ಇದು ಮುಂದೆ ಬಂದದ್ದು ಅದಕ್ಕೇ.

ಹಾಗಾದರೆ ಸಿಆರ್‌ಟಿಯ ಕಾಲ ಮುಗಿಯಿತೇ? ನಾನು ಹಾಗೆ ಹೇಳಲಾರೆ. 2022ರಲ್ಲಿ 40 ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ ನಡೆಸಿದ ಅಧ್ಯಯನದಲ್ಲಿ ಎಡ ಕವಲಿನ ಪೇಸಿಂಗ್ ಹೃದಯದ ತಳ್ಳುವ ಶಕ್ತಿಯನ್ನು ಸಿಆರ್‌ಟಿಗಿಂತ ಹೆಚ್ಚು ಸುಧಾರಿಸಿತು. ಆದರೆ 40 ಜನರಿಂದ ಸಾವು-ಬದುಕಿನ ತೀರ್ಮಾನಕ್ಕೆ ಬರಲಾಗದು. 2023ರಲ್ಲಿ 1,778 ರೋಗಿಗಳ ದಾಖಲೆಗಳನ್ನು ಹೋಲಿಸಿದಾಗ ಸಾವು ಅಥವಾ ಆಸ್ಪತ್ರೆ ಸೇರುವಿಕೆ ಹೊಸ ವಿಧಾನದಲ್ಲಿ ಶೇ. 20.8, ಸಿಆರ್‌ಟಿಯಲ್ಲಿ ಶೇ. 28. ಭರವಸೆ ಹುಟ್ಟಿಸುವ ಅಂತರವೇ. ಆದರೂ ಯಾರಿಗೆ ಯಾವ ವಿಧಾನ ಎಂಬುದನ್ನು ಅಲ್ಲಿ ವೈದ್ಯರೇ ಆರಿಸಿದ್ದರು, ಆಯ್ಕೆಯ ನೆರಳು ಫಲಿತಾಂಶದ ಮೇಲೆ ಬೀಳದೆ ಇರದು. ಡೇವಿಡ್ ಅಧ್ಯಯನಕ್ಕೆ ಮೊದಲು ಬಲ ಹೃತ್ಕುಕ್ಷಿಯ ಪೇಸಿಂಗ್ ಕೂಡ ನಿರಪಾಯಕಾರಿ ಎಂದೇ ಅನ್ನಿಸಿತ್ತು. ಸಾವಿರಾರು ರೋಗಿಗಳನ್ನು ಯಾದೃಚ್ಛಿಕವಾಗಿ ಹಂಚಿದ ಅಧ್ಯಯನಗಳ ಉತ್ತರ ಬರುವವರೆಗೆ, ಕ್ಯೂಆರ್‌ಎಸ್ ಅಗಲವಾಗಿದ್ದು ಎಡ ಕವಲು ಕೆಟ್ಟಿರುವವರಿಗೆ ಸಿಆರ್‌ಟಿಯೇ ಮೊದಲ ಆಯ್ಕೆಯಾಗಿರಲಿ, ಸಿರೆಯ ದಾರಿ ಸಿಗದಿದ್ದಾಗ ಎಡ ಕವಲು ಎಂಬುದು ನನ್ನ ನಿಲುವು.

ಈ ಚರ್ಚೆಯಲ್ಲಿ ಮರೆತುಹೋಗುವ ಗುಂಪೊಂದಿದೆ: ವರ್ಷಗಳ ಹಿಂದೆ ಸಾಮಾನ್ಯ ಪೇಸ್‌ಮೇಕರ್ ಹಾಕಿಸಿಕೊಂಡು, ಈಗ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿರುವವರು. ವಯಸ್ಸಾಯಿತು ಎಂದುಕೊಂಡು ಅವರು ಸುಮ್ಮನಿರುತ್ತಾರೆ. ಬಲ ಹೃತ್ಕುಕ್ಷಿಯ ಪೇಸಿಂಗಿನಿಂದ ಬಳಲಿದ ಇಂಥ ಹೃದಯಗಳಿಗೆ ಸಿಆರ್‌ಟಿ ತಂತಿ ಸೇರಿಸಿದರೆ ಆಸ್ಪತ್ರೆ ಸೇರುವುದು ಗಣನೀಯವಾಗಿ ತಗ್ಗುತ್ತದೆ ಎಂದು 2023ರ ಬುಡಾಪೆಸ್ಟ್ ಸಿಆರ್‌ಟಿ ಅಧ್ಯಯನ ತೋರಿಸಿದೆ. ಶೇಕಡಾ ಎಷ್ಟು ಮಿಡಿತಗಳನ್ನು ಯಂತ್ರವೇ ಹೊರಡಿಸುತ್ತಿದೆ ಎಂಬ ಅಂಕಿ ಪ್ರತಿ ತಪಾಸಣೆಯಲ್ಲೂ ಸಿಗುತ್ತದೆ. ಆ ಅಂಕಿ ದೊಡ್ಡದಾಗಿದ್ದು ಏದುಸಿರೂ ಇದ್ದರೆ, ಎಕೋ ಪರೀಕ್ಷೆ ಮಾಡಿಸುವಂತೆ ಕೇಳಿ ಪಡೆಯಬೇಕು.